ನಾಡು ಕಟ್ಟುವವರ ಲೆಕ್ಕ: ವಾಲಚಂದ ಹಿರಾಚಂದರ ಕಟ್ಟಡ ಕಂಪನಿಯೂ ಕನ್ನಡಿಗರೂ

(ಊರ ವಾಚನಾಲಯದ ವ್ಯಾಖ್ಯಾನಮಾಲೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ವ್ಯಾಖ್ಯಾನಗಳಲ್ಲಿ ಪುಲಿಕೇಶಿಯ ಪರಾಕ್ರಮ, ನೃಪತುಂಗನ ಕಾಲದ ಸಾಹಿತ್ಯ, ವಿಜಯನಗರದ ವೈಭವ ಇವುಗಳನ್ನು ತಾವು ಎಷ್ಟೋ ಸಾರೆ ಕೇಳಿದ್ದೀರಿ. ಅವುಗಳ ಮೇಲೆ ಮಾತಾಡಬಲ್ಲ ಪಂಡಿತರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ನಾವು ಆ ಸಾಲಿನವರಲ್ಲ. ನಾವು ವಕೀಲಿ ಮಾಡುವವರು. ಕರಾರು, ಪಾಲುಗಾರಿಕೆ, ಸಾಲ, ಜಾಮೀನು ಇವೇ ನಮ್ಮ ನಿತ್ಯದ ವ್ಯವಹಾರ. ಆದುದರಿಂದ ಇಂದು ಈ ಸಭೆಯ ಮುಂದೆ ಕಲ್ಲು, ಸುಣ್ಣ, ಸಿಮೆಂಟು, ಟೆಂಡರು, ಬಟವಡೆ ಇವುಗಳ ವಿಷಯವನ್ನೇ ಇಡಬೇಕೆಂದು ಎಣಿಸಿದ್ದೇವೆ. ಇದು ರಸಹೀನವಾದ ವಿಷಯವೆಂದು ಯಾರಿಗಾದರೂ ತೋರಿದರೆ ತುಸು ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ. ಹಂಪೆಯ ವೈಭವವನ್ನು ಹೊಗಳುವ ನಾವು ಆ ಕಲ್ಲುಗಳನ್ನು ಎತ್ತಿ ನಿಲ್ಲಿಸಿದವರ ಕೂಲಿಯನ್ನು ಯಾರು, ಯಾವ ಹಣದಿಂದ, ಯಾವ ವ್ಯವಸ್ಥೆಯಿಂದ ಕೊಟ್ಟರು ಎಂದು ಒಮ್ಮೆಯಾದರೂ ಕೇಳಿಕೊಳ್ಳಬೇಡವೇ?

ನಾವು ಆಯ್ದುಕೊಂಡ ಉದಾಹರಣೆಯು ಸೋಲಾಪುರದಿಂದ ಹೊರಟ ಒಂದು ಉದ್ಯಮದ್ದು. ಅಲ್ಲಿಯ ವಾಲಚಂದ ಹಿರಾಚಂದರು ರೇಲ್ವೆಯ ಸಣ್ಣ ಗುತ್ತಿಗೆಯಿಂದ ಆರಂಭಿಸಿ 1926ನೆಯ ಇಸವಿಯಲ್ಲಿ ಸ್ಥಾಪಿಸಿದ ಹಿಂದುಸ್ತಾನ ಕನ್‌ಸ್ಟ್ರಕ್ಷನ್ ಕಂಪನಿಯದು. ಸೋಲಾಪುರವು ಕನ್ನಡಿಗರಿಗೆ ಅಪರಿಚಿತ ಸ್ಥಳವಲ್ಲ. ಹನ್ನೆರಡನೆಯ ಶತಮಾನದಲ್ಲಿ ಅದೇ ಸೊನ್ನಲಿಗೆ. ಶರಣ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಪುಣ್ಯಕ್ಷೇತ್ರ. ಕನ್ನಡ, ಮರಾಠಿ, ತೆಲುಗು ಮೂರೂ ಭಾಷೆಗಳು ಒಂದೇ ಪೇಟೆಯಲ್ಲಿ ಕೇಳಬರುವ ಊರು. 1956ರ ನವೆಂಬರ 1ರಂದು ಕನ್ನಡ ಸೀಮೆಗಳು ಒಂದಾದಾಗ ಅದು ಗಡಿಯ ಆಚೆಗೆ ಉಳಿಯಿತೆಂಬ ವ್ಯಸನ ಬೇರೆ. ನಮ್ಮ ಮಗ್ಗುಲಲ್ಲಿಯೇ ನಡೆದ ಈ ಕಥೆಯಿಂದ ನಾವು ಕಲಿತದ್ದು ಎಷ್ಟು ಎಂಬುದೇ ಇಂದಿನ ಪ್ರಶ್ನೆ.

ಮೊದಲು ಗುತ್ತಿಗೆ ಯಾರ ಕೈಯಲ್ಲಿತ್ತು?

ಹಿಂದುಸ್ತಾನದಲ್ಲಿ ಜನರನ್ನು ಹೊತ್ತ ಮೊದಲ ರೇಲ್ವೆ 1853ರ ಏಪ್ರಿಲ 16ರಂದು ಮುಂಬಯಿಯಿಂದ ಠಾಣೆಗೆ ಓಡಿತು. ಆ ಹಾದಿಯನ್ನು ಕಟ್ಟಿದ ಗುತ್ತಿಗೆದಾರರು ಫೆವಿಯಲ್ ಮತ್ತು ಫೌಲರ್ ಎಂಬ ಇಂಗ್ಲಿಷರು. ರೇಲ್ವೆಯ ಬಂಡವಲು ಲಂಡನ್ನಿನದು. ಅದಕ್ಕೆ ನೂರಕ್ಕೆ 5ರಂತೆ ಬಡ್ಡಿಯ ಭರವಸೆಯನ್ನು ಕೊಟ್ಟದ್ದು ಇಲ್ಲಿಯ ಸರಕಾರ. ಆ ಭರವಸೆಯ ಭಾರ ಬಿದ್ದದ್ದು ಇಲ್ಲಿಯ ರೈತನ ಕಂದಾಯದ ಮೇಲೆ. ಕಬ್ಬಿಣವೂ ಇಂಜಿನ್ನೂ ಹೊರಗಿನವು. ನಮ್ಮದೆನ್ನುವದು ಯಾವದಿತ್ತು? ಮಣ್ಣು, ಕಲ್ಲು, ಕೂಲಿ.

ಭೋರ ಘಾಟದ ಕೆಲಸವು ಇದಕ್ಕೆ ಒಳ್ಳೆಯ ದೃಷ್ಟಾಂತ. 1856ರಲ್ಲಿ ಆರಂಭವಾಗಿ 1863ರಲ್ಲಿ ಮುಗಿದ ಆ ಹಾದಿಯಲ್ಲಿ 25 ಸುರಂಗಗಳು. 1861ರ ಸುಮಾರಿಗೆ 40 ಸಾವಿರಕ್ಕೂ ಮಿಕ್ಕಿ ಕೂಲಿಗಳು ಆ ಕಣಿವೆಗಳಲ್ಲಿ ದುಡಿಯುತ್ತಿದ್ದರು. ವಾಂತಿಭೇದಿಗೂ ಜ್ವರಕ್ಕೂ ತುತ್ತಾದವರು ಅನೇಕರು. ಗುತ್ತಿಗೆ ಹಿಡಿದ ಸೊಲೊಮನ್ ಟ್ರೆಡ್‌ವೆಲ್ ಎಂಬಾತನು 1859ರಲ್ಲಿ ಬಂದ ಕೆಲವೇ ದಿನಗಳಲ್ಲಿ ಸತ್ತನು. ಅವನ ಹೆಂಡತಿ ಆಲಿಸ್ ಟ್ರೆಡ್‌ವೆಲ್ ಗುತ್ತಿಗೆಯನ್ನು ಬಿಡದೆ ಇಂಜಿನಿಯರರ ಸಹಾಯದಿಂದ ನಡೆಯಿಸಿದಳು. ಆ ಹೆಂಗಸಿನ ಧೈರ್ಯವನ್ನು ನಾವು ಮೆಚ್ಚಲೇಬೇಕು. ಆದರೆ ಬೆಟ್ಟ ನಮ್ಮದು, ಬೆವರು ನಮ್ಮದು ಆಗಿದ್ದರೂ ಲಾಭದ ಲೆಕ್ಕವು ಸಮುದ್ರದಾಚೆಗೆ ಹೋಯಿತೆಂಬುದನ್ನು ಮರೆಯುವಂತಿಲ್ಲ.

ಹಿಂದೀ ಜನರು ಯಾರೂ ಗುತ್ತಿಗೆ ಹಿಡಿಯಲಿಲ್ಲವೆಂದು ಹೇಳುವದು ಸತ್ಯಕ್ಕೆ ಅಪಚಾರವಾದೀತು. ಜಮಶೇಟಜಿ ದೋರಾಬಜಿ ಎಂಬ ಪಾರಸಿ ಗೃಹಸ್ಥರು ಆ ಕಾಲದಲ್ಲಿಯೇ ರೇಲ್ವೆಯ ದೊಡ್ಡ ದೊಡ್ಡ ತುಂಡುಗಳನ್ನು ಹಿಡಿದು ಹೆಸರು ಪಡೆದರು. ಆದರೆ ಇಂಥವರು ಬೆರಳೆಣಿಕೆಯವರು. ಸಾಮಾನ್ಯವಾಗಿ ನಮ್ಮವನು ದೊಡ್ಡ ಗುತ್ತಿಗೆದಾರನ ಕೆಳಗೆ ಸಣ್ಣ ಗುತ್ತಿಗೆದಾರ, ಅವನ ಕೆಳಗೆ ಮುಕಾದಮ, ಅವನ ಕೆಳಗೆ ಗೌಂಡಿ, ಎಲ್ಲಕ್ಕೂ ಕೆಳಗೆ ಬುಟ್ಟಿ ಹೊರುವ ಕೂಲಿ. ಮೇಲಿನಿಂದ ಇಳಿದು ಬರುವ ರೂಪಾಯಿಯು ಪ್ರತಿಯೊಂದು ಮೆಟ್ಟಿಲಲ್ಲಿಯೂ ಕೆಲವು ಆಣೆ ಸವೆದು ಕೂಲಿಯ ಕೈಗೆ ಬರುತ್ತಿತ್ತು.

ವರ್ತಕನೂ ಗುಮಾಸ್ತನೂ

ವಾಲಚಂದರು ಹುಟ್ಟಿದ್ದು 1882ರ ನವೆಂಬರ 23ರಂದು ಸೋಲಾಪುರದಲ್ಲಿ. ಗುಜರಾಥದ ಕಡೆಯಿಂದ ಬಂದು ನೆಲೆಸಿದ ದಿಗಂಬರ ಜೈನ ಮನೆತನ. ಅರಳೆಯ ವ್ಯಾಪಾರ ಮತ್ತು ಸಾಹುಕಾರಿ ಮನೆಯ ಉದ್ಯೋಗ. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿಯೂ ಪುಣೆಯ ಡೆಕ್ಕನ್ ಕಾಲೇಜಿನಲ್ಲಿಯೂ ಓದಿ, ಪದವಿ ಪಡೆಯುವ ಮೊದಲೇ ವಿದ್ಯೆಯನ್ನು ಬಿಟ್ಟು ಮನೆಯ ವ್ಯಾಪಾರಕ್ಕೆ ಸೇರಿದರು. ಆ ಕಾಲದ ವರ್ತಕರ ಮಗನಿಗೆ ಮುಂದಿನ ದಾರಿ ತೀರ ಸ್ಪಷ್ಟವಾಗಿತ್ತು: ಅಂಗಡಿಯ ಗಾದಿಯ ಮೇಲೆ ಕುಳಿತು ಬಡ್ಡಿ ಎಣಿಸುವದು. ಅವರಿಗೆ ಆ ದಾರಿ ಹಿಡಿಸಲಿಲ್ಲ.

ಅವರಿಗೆ ದೊರೆತ ಜೊತೆಗಾರರು ಲಕ್ಷ್ಮಣರಾವ ಬಳವಂತ ಫಾಟಕರು. ಇವರು ಹಿಂದೆ ರೇಲ್ವೆಯಲ್ಲಿ ಗುಮಾಸ್ತರಾಗಿದ್ದವರು. ಇಬ್ಬರೂ ಪಾಲುಗಾರರಾಗಿ ಬಾರ್ಸಿ ಲೈಟ್ ರೇಲ್ವೆಯ ಕೆಲಸವನ್ನು ಹಿಡಿದರು. ಎರಡೂವರೆ ಅಡಿ ಅಗಲದ ಆ ಸಣ್ಣ ಹಾದಿಯು 1897ರಲ್ಲಿ ಬಾರ್ಸಿ ರೋಡಿನಿಂದ ಬಾರ್ಸಿಯವರೆಗೆ ತೆರೆದಿತ್ತು. ಅದು ಮುಂದುವರಿಯುತ್ತ 1911ರಲ್ಲಿ ಲಾತೂರಿಗೆ ಮುಟ್ಟಿತು. ಈ ಮುಂದುವರಿಕೆಯ ಕಾಲದಲ್ಲಿ ಯೆಡಶಿ ಮತ್ತು ತಡವಳೆಗಳ ನಡುವಿನ ಕೆಲವು ಮೈಲುಗಳ ತುಂಡೇ ಫಾಟಕ-ವಾಲಚಂದರ ಪಾಲಿಗೆ ಬಂದ ಮೊದಲ ಕೆಲಸ.

ಸಭ್ಯರೇ, ಈ ಜೋಡಿಯನ್ನು ತುಸು ನಿಂತು ನೋಡಬೇಕು. ಒಬ್ಬರಿಗೆ ಪೇಟೆಯಲ್ಲಿ ಪತ್ತು ಉಂಟು. ರೇಲ್ವೆಯ ಕಚೇರಿಯ ಪದ್ಧತಿ ತಿಳಿಯದು. ಇನ್ನೊಬ್ಬರಿಗೆ ಟೆಂಡರು ಹೇಗೆ ಬರೆಯಬೇಕು, ಅಳತೆಯ ಪುಸ್ತಕದಲ್ಲಿ ಏನು ದಾಖಲಾಗಬೇಕು, ಬಿಲ್ಲು ಯಾವ ಮೇಜಿನ ಮೇಲೆ ತಡೆಯುತ್ತದೆ ಎಂಬುದು ಗೊತ್ತು. ಕೈಯಲ್ಲಿ ಬಂಡವಲು ಇಲ್ಲ. ಒಬ್ಬೊಬ್ಬರೇ ಆಗಿದ್ದರೆ ಒಬ್ಬರು ಸಾಹುಕಾರರಾಗಿ, ಇನ್ನೊಬ್ಬರು ಗುಮಾಸ್ತರಾಗಿ ಉಳಿಯುತ್ತಿದ್ದರು. ಜಾತಿ ಬೇರೆ, ಕುಲಕಸಬು ಬೇರೆ ಆದ ಇಬ್ಬರು ಒಂದೇ ಖಾತೆಯಲ್ಲಿ ಹೆಸರು ಬರೆಯಿಸಿದ್ದರಿಂದ ಮೂರನೆಯದೊಂದು ವಸ್ತು ಹುಟ್ಟಿತು. ಅದರ ಹೆಸರು ಉದ್ಯಮ. ನಮ್ಮ ಊರುಗಳಲ್ಲಿ ಪತ್ತುಳ್ಳ ಸಾಹುಕಾರನೂ ಕೆಲಸ ಬಲ್ಲ ಓವರ್ಸಿಯರನೂ ಒಂದೇ ಓಣಿಯಲ್ಲಿ ಇರುತ್ತಾರೆ. ಆದರೆ ಲಗ್ನದ ಊಟದ ಪಂಕ್ತಿಯಲ್ಲಿ ಅವರು ಕೂಡಿ ಕೂಡ್ರುವದಿಲ್ಲ, ಆದುದರಿಂದ ವ್ಯಾಪಾರದಲ್ಲಿಯೂ ಕೂಡುವದಿಲ್ಲ. ಈ ದೋಷಕ್ಕೆ ಯಾವ ಪರಸರಕಾರವೂ ಕಾರಣವಲ್ಲ.

ಗುತ್ತಿಗೆಯ ಹಣದ ಮರ್ಮ

ಗುತ್ತಿಗೆದಾರನೆಂದರೆ ಸರಕಾರದ ಹಣವನ್ನು ನುಂಗುವವನೆಂಬ ಭಾವನೆ ಜನರಲ್ಲಿ ಬಲವಾಗಿದೆ. ಅಂಥವರು ಇಲ್ಲವೆಂದು ನಾವು ಹೇಳುವದಿಲ್ಲ. ಆದರೆ ಪ್ರಾಮಾಣಿಕನಾದ ಗುತ್ತಿಗೆದಾರನು ಯಾಕೆ ಮುಳುಗುತ್ತಾನೆಂಬುದನ್ನು ಅರಿಯದೆ ಈ ಉದ್ಯಮವು ತಿಳಿಯದು. ಒಂದು ಲಕ್ಷ ರೂಪಾಯಿಯ ಕೆಲಸ ಹಿಡಿದವನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಟೆಂಡರಿನ ಜೊತೆಗೆ ಅವನು ಠೇವಣಿ ಇಡಬೇಕು. ಕೆಲಸ ಸಿಕ್ಕ ಮೇಲೆ ಜಾಮೀನಿನ ಹಣ ಕಟ್ಟಬೇಕು. ಕಲ್ಲಿನ ಗಣಿಯವನು, ಸುಣ್ಣದ ಭಟ್ಟಿಯವನು, ಚಕ್ಕಡಿಯವನು ಮುಂಗಡ ಕೇಳುತ್ತಾರೆ. ಕೂಲಿಯ ಬಟವಡೆಯು ವಾರಕ್ಕೊಮ್ಮೆ, ಸಂತೆಯ ದಿನಕ್ಕೆ ಸರಿಯಾಗಿ ಆಗಲೇಬೇಕು. ಅಂದು ತಪ್ಪಿದರೆ ಸೋಮವಾರ ಕೆಲಸದ ಮೇಲೆ ಯಾರೂ ಬರುವದಿಲ್ಲ. ಆದರೆ ಅವನ ಬಿಲ್ಲು? ತಿಂಗಳ ಕೊನೆಗೆ ಅಳತೆಯಾಗಬೇಕು, ಅಳತೆಯು ತಪಾಸಣೆಯಾಗಬೇಕು, ಬಿಲ್ಲು ಮಂಜೂರಾಗಬೇಕು; ಮಂಜೂರಾದ ಹಣದಲ್ಲಿಯೂ ಹತ್ತರಲ್ಲಿ ಒಂದು ಪಾಲನ್ನು ಕೆಲಸ ಮುಗಿಯುವವರೆಗೆ ಹಿಡಿದಿಡುವ ಕರಾರು ಇದ್ದರೆ ಅದೂ ಕೈಗೆ ಬರದು.

ಹೀಗೆ ವಾರಕ್ಕೊಮ್ಮೆ ಕೊಡಬೇಕಾದವನಿಗೆ ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ನಡುವಿನ ಈ ಕಂದಕವನ್ನು ತುಂಬುವ ಹಣವೇ ಗುತ್ತಿಗೆಯ ಪ್ರಾಣ. ಅದನ್ನು ಊರ ಸಾಹುಕಾರನಿಂದ ದೊಡ್ಡ ಬಡ್ಡಿಗೆ ತಂದವನ ಲಾಭವೆಲ್ಲ ಬಡ್ಡಿಗೇ ಹೋಗುವದು. ಲಾಭ ಹೋದ ಮೇಲೆ ಸುಣ್ಣದಲ್ಲಿ ಮಣ್ಣು ಕೂಡುವದು, ಗೋಡೆ ಬಿರಿಯುವದು, ಹೆಸರು ಕಪ್ಪುಪಟ್ಟಿಗೆ ಸೇರುವದು. ಕೆಟ್ಟ ಕಟ್ಟಡಕ್ಕೆ ಕೆಟ್ಟ ಮನಸ್ಸು ಒಂದು ಕಾರಣವಾದರೆ ಕೆಟ್ಟ ಬಡ್ಡಿಯು ಇನ್ನೊಂದು ಕಾರಣ. ಸಾಹುಕಾರಿಯ ಮನೆತನದಲ್ಲಿ ಹುಟ್ಟಿದ ವಾಲಚಂದರಿಗೆ ಈ ಕಂದಕವನ್ನು ದಾಟುವ ಅನುಕೂಲವು ಆರಂಭದಲ್ಲಿಯೇ ಇತ್ತೆಂಬುದನ್ನು ನಾವು ಗಮನಿಸಬೇಕು. ಅವರ ಸಾಹಸವನ್ನು ಇದು ಕಡಿಮೆ ಮಾಡುವದಿಲ್ಲ. ಆದರೆ ಬರಿಯ ಸಾಹಸವನ್ನೇ ನೆಚ್ಚಿ ಹೊರಡುವ ನಮ್ಮ ತರುಣರಿಗೆ ಇದು ಎಚ್ಚರಿಕೆಯ ಮಾತು.

ಪಾಲುಗಾರಿಕೆಯಿಂದ ಕಂಪನಿಗೆ

ಇನ್ನು ಕಾಯದೆಯ ಒಂದು ಮಾತನ್ನು ಹೇಳುವದು ನಮ್ಮ ಧರ್ಮ. ಪಾಲುಗಾರಿಕೆಯಲ್ಲಿ ಪ್ರತಿಯೊಬ್ಬ ಪಾಲುಗಾರನೂ ಸಂಸ್ಥೆಯ ಸಾಲಕ್ಕೆಲ್ಲ ಹೊಣೆಗಾರ. ಅವನ ಮನೆ, ಹೊಲ, ಹೆಂಡತಿಯ ಒಡವೆಗೆ ಕೊಟ್ಟ ಹಣವೂ ಆ ಹೊಣೆಯಿಂದ ಪಾರಾಗುವ ಭರವಸೆಯಿಲ್ಲ. ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುಗಾರನ ಮರಣದಿಂದ ಪಾಲುಗಾರಿಕೆಯೇ ಮುರಿಯುವದು. 1872ರ ಕರಾರು ಕಾಯದೆಯಲ್ಲಿ ಅಡಗಿದ್ದ ಈ ನಿಯಮಗಳು 1932ರಲ್ಲಿ ಪ್ರತ್ಯೇಕ ಕಾಯದೆಯಾದವು. ಅಂಗಡಿಗೆ ಈ ಪದ್ಧತಿ ಸಾಕು. ಆದರೆ ಐದು ವರುಷ ಹಿಡಿಯುವ ಸುರಂಗದ ಕೆಲಸಕ್ಕೆ ಒಬ್ಬ ಮನುಷ್ಯನ ಆಯುಷ್ಯವನ್ನು ನೆಚ್ಚಬಹುದೇ?

ಕಂಪನಿಗೆ ಸಾವಿಲ್ಲ, ಪಾಲುದಾರನ ಹೊಣೆಯು ಅವನು ಕೊಂಡ ಶೇರುಗಳ ಮಟ್ಟಿಗೆ ಮಾತ್ರ. 1913ರ ಕಂಪನಿ ಕಾಯದೆಯು ಇಬ್ಬರಿಂದ ಐವತ್ತು ಜನರವರೆಗಿನ ಖಾಸಗಿ ಕಂಪನಿಗಳಿಗೂ ದಾರಿ ಮಾಡಿಕೊಟ್ಟಿತು. ಹೀಗೆ ಮನೆತನದ ಹಿಡಿತವೂ ಉಳಿದು, ಹೊಣೆಗೆ ಮಿತಿಯೂ ಬಂದು, ಹೊರಗಿನ ಬಂಡವಲಿಗೆ ಬಾಗಿಲೂ ತೆರೆಯಿತು. ಫಾಟಕ-ವಾಲಚಂದ ಸಂಸ್ಥೆಯು ಇದೇ ದಾರಿಯನ್ನು ಹಿಡಿಯಿತು. 1920ರಲ್ಲಿ ಟಾಟಾ ಕನ್‌ಸ್ಟ್ರಕ್ಷನ್ ಕಂಪನಿ ಹುಟ್ಟಿದಾಗ ವಾಲಚಂದರು ಟಾಟಾರವರೊಡನೆ ಕೂಡಿದರು. 1929ರಲ್ಲಿ ಅದರ ವ್ಯವಸ್ಥಾಪಕ ನಿರ್ದೇಶಕರಾದರು. 1935ರ ಹೊತ್ತಿಗೆ ಟಾಟಾರವರ ಉಳಿದ ಪಾಲುಗಳೂ ಇವರ ಕಡೆಗೆ ಬಂದು ಅದು ಪ್ರೀಮಿಯರ್ ಕನ್‌ಸ್ಟ್ರಕ್ಷನ್ ಕಂಪನಿ ಎನಿಸಿತು. ಈ ನಡುವೆ 1926ರಲ್ಲಿ ಹಿಂದುಸ್ತಾನ ಕನ್‌ಸ್ಟ್ರಕ್ಷನ್ ಕಂಪನಿಯ ಸ್ಥಾಪನೆಯಾಯಿತು. ಮನೆತನದ ಹೆಸರನ್ನು ಬಿಟ್ಟು ದೇಶದ ಹೆಸರನ್ನು ಫಲಕದ ಮೇಲೆ ಬರೆಯಿಸಿದ್ದು, ಪರತಂತ್ರದ ಆ ದಿನಗಳಲ್ಲಿ, ಚಿಕ್ಕ ಮಾತಲ್ಲ.

ಅದೇ ಭೋರ ಘಾಟ

ಈಗ ಭೋರ ಘಾಟಕ್ಕೆ ಮರಳೋಣ. ಮೊದಲಿನ ಹಾದಿಯಲ್ಲಿ ಏರು ಎಷ್ಟು ಕಡಿದೆಂದರೆ, ಒಂದು ಸ್ಥಳದಲ್ಲಿ ಗಾಡಿಯು ನಿಂತು ಹಿಂದುಮುಂದಾಗಿ ತಿರುಗಿ ಮತ್ತೆ ಏರಬೇಕಾಗಿತ್ತು. ಈ ತೊಡಕನ್ನು ತಪ್ಪಿಸಲು ಹೊಸ ಸುರಂಗಗಳನ್ನು ಕೊರೆದು ಹಾದಿಯನ್ನು ಬದಲಿಸುವ ಕೆಲಸವು 1920ರ ನಂತರ ನಡೆಯಿತು. ಆ ಸುರಂಗಗಳೇ ಹಿಂದುಸ್ತಾನ ಕನ್‌ಸ್ಟ್ರಕ್ಷನ್ ಕಂಪನಿಗೆ ಹೆಸರು ತಂದ ಮೊದಲಿನ ಕೆಲಸ. 1929ರಲ್ಲಿ ಹಿಂದುಮುಂದಾಗುವ ಆ ಹಳೆಯ ನಿಲ್ದಾಣವು ಬಿಟ್ಟುಹೋಯಿತು. 1930ರ ಜೂನ 1ರಿಂದ ಡೆಕ್ಕನ್ ಕ್ವೀನ್ ಎಂಬ ವೇಗದ ಗಾಡಿಯು ಮುಂಬಯಿ-ಪುಣೆಗಳ ನಡುವೆ ಓಡತೊಡಗಿತು.

ಸುರಂಗದ ಕೆಲಸವು ಗೋಡೆ ಕಟ್ಟಿದಂತಲ್ಲ. ಬೆಟ್ಟದೊಳಗೆ ಯಾವ ಕಲ್ಲು ಇದೆಯೆಂಬುದು ಕೊರೆಯುವವರೆಗೆ ಯಾರಿಗೂ ಪೂರ್ಣ ತಿಳಿಯದು. ಸಿಡಿಮದ್ದು ತುಂಬುವವನ ಕೈ ನಡುಗಬಾರದು. ಎರಡು ಕಡೆಯಿಂದ ಕೊರೆದು ಬಂದವರು ನಡುವೆ ಒಂದೇ ರೇಖೆಯಲ್ಲಿ ಕೂಡಬೇಕು. ಗಾಳಿಯೂ ಬೆಳಕೂ ಒಳಕ್ಕೆ ಹೋಗಬೇಕು, ನೀರು ಹೊರಕ್ಕೆ ಬರಬೇಕು. ಇಂಥ ಕೆಲಸಕ್ಕೆ ದೇಶೀಯ ಕಂಪನಿ ತಕ್ಕುದಲ್ಲವೆಂಬ ಮಾತನ್ನು ಈ ಸುರಂಗಗಳು ವಾದವಿಲ್ಲದೆ ಅಡಗಿಸಿದವು. 70 ವರುಷಗಳ ಹಿಂದೆ ನಮ್ಮವರು ಬುಟ್ಟಿ ಹೊತ್ತ ಬೆಟ್ಟದಲ್ಲಿಯೇ ನಮ್ಮವರು ನಕ್ಷೆ ಬಿಡಿಸಿಕೊಂಡು ನಿಂತರು. ನಮ್ಮ ಮನಸ್ಸಿಗೆ ಹಿಡಿಸಿದ ಸಂಗತಿ ಇದು.

ಮುಂಬಯಿ ನಗರಕ್ಕೆ ತಾನಸಾ ಕೆರೆಯಿಂದ ನೀರು ತರುವ ದೊಡ್ಡ ಕೊಳವೆಗಳನ್ನು ಹಾಕಿದ್ದು, ಸಿಂಧೂ ನದಿಗೆ ಕಾಲಾಬಾಗದಲ್ಲಿ ಸೇತುವೆ, ಬ್ರಹ್ಮದೇಶದಲ್ಲಿ ಐರಾವತಿ ನದಿಗೆ ಸೇತುವೆ ಇವೂ ವಾಲಚಂದರ ಕಂಪನಿಗಳ ಲೆಕ್ಕಕ್ಕೆ ಸೇರಿದವು. ಯೆಡಶಿ-ತಡವಳೆಯ ಕೆಲವು ಮೈಲುಗಳಿಂದ ಸಿಂಧೂ-ಐರಾವತಿಗಳವರೆಗೆ ಹೋಗಲು ಮೂವತ್ತು ವರುಷಗಳಿಗೆ ತುಸು ಹೆಚ್ಚು ಕಾಲ ಹಿಡಿಯಿತು. ಒಂದು ಕೆಲಸದಲ್ಲಿ ಕಲಿತ ಓವರ್ಸಿಯರನು ಮುಂದಿನ ಕೆಲಸಕ್ಕೆ ಹೋದನು. ಒಂದು ಕೆಲಸಕ್ಕೆ ಕೊಂಡ ಯಂತ್ರವು ಇನ್ನೊಂದಕ್ಕೆ ಬಂದಿತು. ಒಂದು ಕೆಲಸ ಮುಗಿಸಿದ ದಾಖಲೆಯು ಮುಂದಿನ ಟೆಂಡರಿಗೆ ಸಾಕ್ಷಿಯಾಯಿತು. ಸಂಸ್ಥೆಯೆಂದರೆ ಇದೇ. ಮನುಷ್ಯರು ಕಲಿತದ್ದು ಚದರಿ ಹೋಗದಂತೆ ಹಿಡಿದಿಡುವ ಪಾತ್ರೆ.

ಹಡಗು, ವಿಮಾನ, ಬೆಂಗಳೂರು

ಕಟ್ಟಡದ ಉದ್ಯಮದಲ್ಲಿ ಗಳಿಸಿದ ಪತ್ತು ಮತ್ತು ಧೈರ್ಯಗಳಿಂದ ವಾಲಚಂದರು ಬೇರೆ ಕ್ಷೇತ್ರಗಳಿಗೂ ಕೈಯಿಕ್ಕಿದರು. 1919ರಲ್ಲಿ ನರೋತ್ತಮ ಮುರಾರ್ಜಿ ಮುಂತಾದವರೊಡನೆ ಸಿಂದಿಯಾ ನೌಕಾ ಕಂಪನಿಯನ್ನು ಕಟ್ಟಿದರು; ಅದರ ಲಾಯಲ್ಟಿ ಎಂಬ ಹಡಗು ಆ ವರುಷದ ಏಪ್ರಿಲ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ವಿಶಾಖಪಟ್ಟಣದಲ್ಲಿ ಹಡಗು ಕಟ್ಟುವ ಕಾರ್ಖಾನೆಗೆ 1941ರ ಜೂನ 21ರಂದು ಬಾಬು ರಾಜೇಂದ್ರಪ್ರಸಾದರು ಅಸ್ತಿಭಾರವನ್ನಿಟ್ಟರು; 1948ರ ಮಾರ್ಚ 14ರಂದು ಜಲ ಉಷಾ ಎಂಬ ಹಡಗನ್ನು ಪಂಡಿತ ಜವಾಹರಲಾಲರು ನೀರಿಗಿಳಿಸಿದರು.

ನಮಗೆ ಹತ್ತಿರದ ಸಂಗತಿ ಬೆಂಗಳೂರಿನದು. 1940ರ ಡಿಸೆಂಬರ 23ರಂದು ಅಲ್ಲಿ ಹಿಂದುಸ್ತಾನ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿತವಾಯಿತು. ವಾಲಚಂದರು ಇತರ ಪ್ರಾಂತಗಳ ಬಾಗಿಲುಗಳನ್ನು ಬಿಟ್ಟು ಮೈಸೂರಿಗೆ ಬಂದದ್ದು ಯಾಕೆ? ದಿವಾನ ಸರ್ ಮಿರ್ಜಾ ಇಸ್ಮಾಯಿಲರ ಸರಕಾರವು ನೆಲವನ್ನೂ ಬಂಡವಲಿನಲ್ಲಿ ಪಾಲನ್ನೂ ಕೊಡಲು ಮುಂದೆ ಬಂದಿತು, ವಿದ್ಯುಚ್ಛಕ್ತಿ ಇತ್ತು, ಇಂಜಿನಿಯರಿಂಗ ಕಲಿತ ತರುಣರಿದ್ದರು. ಯುದ್ಧದ ನಿಮಿತ್ತದಿಂದ ಹಿಂದುಸ್ತಾನ ಸರಕಾರವು 1941ರಲ್ಲಿ ಪಾಲು ಕೊಂಡು, 1942ರಲ್ಲಿ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಆದರೂ ಕಾರ್ಖಾನೆಯು ನಾಡಿನಲ್ಲಿಯೇ ಬೇರೂರಿತು. ಉದ್ಯಮಿಯು ಹೊರಗಿನವನಾದರೂ ಸರಕಾರವು ನಮ್ಮದಾಗಿದ್ದು ಕಣ್ಣು ತೆರೆದಿದ್ದರೆ ಉದ್ಯಮವು ನಮ್ಮಲ್ಲಿಗೆ ಬರುವದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದೇ ಕಾಲದಲ್ಲಿ ಮುಂಬಯಿ ಕರ್ನಾಟಕಕ್ಕೆ ಇಂಥ ಆಮಂತ್ರಣ ಕೊಡುವ ಅಧಿಕಾರವಾದರೂ ಎಲ್ಲಿತ್ತು? ವಿಜಾಪುರದ ಪರವಾಗಿ ಮಾತಾಡುವ ದಿವಾನರು ಇರಲಿಲ್ಲ; ಮುಂಬಯಿಯ ಕಚೇರಿಯಲ್ಲಿ ಅದು ನಕಾಶೆಯ ಕೆಳಗಿನ ಮೂಲೆ.

ಎರಡು ಆಕ್ಷೇಪಣೆಗಳು

ಇಷ್ಟು ಹೇಳಿದ ಮೇಲೆ ಸಭೆಯಲ್ಲಿ ಎರಡು ಆಕ್ಷೇಪಣೆಗಳು ಏಳುವವು. ಮೊದಲನೆಯದು: ಒಬ್ಬ ಬಂಡವಲುಗಾರನ ಸಂಪತ್ತು ಬೆಳೆದರೆ ನಾಡಿಗೆ ಬಂದದ್ದೇನು? ಈ ಆಕ್ಷೇಪಣೆಯನ್ನು ನಾವು ತಳ್ಳಿಹಾಕುವದಿಲ್ಲ. ಸ್ವದೇಶಿಯೆಂಬುದು ಮಾಲಕನ ಚರ್ಮದ ಬಣ್ಣದಿಂದಷ್ಟೇ ನಿರ್ಣಯವಾಗುವ ಮಾತಲ್ಲ. ಬಟವಡೆಯಲ್ಲಿ ಕೂಲಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಕಡಿಮೆ ಕೊಡುವ ಮುಕಾದಮನು ಖಾದಿ ಉಟ್ಟರೂ ಸ್ವದೇಶಿಯಲ್ಲ. ಕೆಲಸದಲ್ಲಿ ಕೈಕಾಲು ಮುರಿದವನಿಗೆ ಪರಿಹಾರ ಕೊಡಬೇಕೆಂಬ ಕಾಯದೆ 1923ರಲ್ಲಿ ಬಂದಿತು. ಅದು ಬಂದ ಮೇಲೆಯೂ ಕಲ್ಲಿನ ಗಣಿಗಳಲ್ಲಿ ಕಣ್ಣು ಕಳೆದುಕೊಂಡ ಎಷ್ಟೋ ಜನ ಬಡವರು ಹತ್ತು ಹದಿನೈದು ರೂಪಾಯಿಗೆ ರಾಜಿಯಾಗಿ ಮನೆಗೆ ಹೋದರು, ಯಾಕಂದರೆ ಕಾಯದೆಯು ಇಂಗ್ಲಿಷಿನಲ್ಲಿತ್ತು, ಕೋರ್ಟು ದೂರದಲ್ಲಿತ್ತು, ಅವರ ಪರವಾಗಿ ಅರ್ಜಿ ಬರೆಯುವವರಿರಲಿಲ್ಲ. ನಾಡಿನ ಆಡಳಿತವು ನಾಡಿನ ಭಾಷೆಯಲ್ಲಿ ನಡೆಯಬೇಕೆಂದು ನಾವು ಹೇಳುವದು ಕವಿಸಮ್ಮೇಲನಕ್ಕಾಗಿ ಮಾತ್ರವಲ್ಲ. ಗಣಿಯಲ್ಲಿ ಕಣ್ಣು ಹೋದವನಿಗೆ ತನ್ನ ಹಕ್ಕು ತನ್ನ ಮಾತಿನಲ್ಲಿ ತಿಳಿಯಲೆಂದು.

ಎರಡನೆಯದು: ಇಂಥ ಕೆಲಸಗಳನ್ನೆಲ್ಲ ಸರಕಾರವೇ ಮಾಡಬಾರದೇ? ಮಾಡಬಹುದು, ಮಾಡಿಯೂ ಇದೆ. ಕನ್ನಂಬಾಡಿಯ ಕಟ್ಟೆಯೇ ಸಾಕ್ಷಿ. 1911ರಲ್ಲಿ ಆರಂಭವಾಗಿ ಎರಡು ದಶಕಗಳ ಕಾಲ ನಡೆದ ಆ ಕಟ್ಟೆಯು 130 ಅಡಿ ಎತ್ತರ, 8,600 ಅಡಿ ಉದ್ದ. ಸಿಮೆಂಟಿಲ್ಲದೆ ಸುರ್ಕಿಗಾರೆಯಿಂದ ಕಟ್ಟಿದ್ದು. ಸರ್ ಎಂ. ವಿಶ್ವೇಶ್ವರಯ್ಯನವರ ದೃಷ್ಟಿ, ಮೈಸೂರು ಸರಕಾರದ ಇಂಜಿನಿಯರರ ಕೈ. ಕನ್ನಡಿಗನಿಗೆ ಕಟ್ಟುವ ಬುದ್ಧಿಯಿಲ್ಲವೆಂದು ಹೇಳುವವನನ್ನು ಅಲ್ಲಿಗೆ ಕರೆದೊಯ್ದು ನಿಲ್ಲಿಸಿದರೆ ಸಾಕು. ಆದರೆ ಇಲಾಖೆಯು ತನ್ನ ಸಂಸ್ಥಾನದ ಗಡಿಯ ಹೊರಗೆ ಹೋಗಿ ಟೆಂಡರು ಹಾಕಲಾರದು. ಕಂಪನಿಯು ಹೋಗಬಲ್ಲದು. ಸಿಂಧೂ ನದಿಗೆ ಸೇತುವೆ ಕಟ್ಟಲು ಸೋಲಾಪುರದವನಿಗೆ ಯಾವ ಗಡಿಯೂ ಅಡ್ಡಬರಲಿಲ್ಲ. ಎರಡೂ ಬೇಕು, ಒಂದು ಇನ್ನೊಂದರ ಶತ್ರುವಲ್ಲ.

ನಮ್ಮಲ್ಲಿ ಯಾಕೆ ಹುಟ್ಟಲಿಲ್ಲ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ವಾಲಚಂದರಂಥ ಉದ್ಯಮವು ಕನ್ನಡ ನೆಲದಲ್ಲಿ ಅದೇ ಕಾಲಕ್ಕೆ ಯಾಕೆ ಹುಟ್ಟಲಿಲ್ಲ? ಬೇಕಾದ ಸಾಮಗ್ರಿಯನ್ನು ಎಣಿಸೋಣ. ಬಂಡವಲು: 1906ರಲ್ಲಿಯೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ ಪೈಗಳು ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು ಕಟ್ಟಿದರು, ಅದೇ ವರುಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇನ್ನೊಂದು ಬ್ಯಾಂಕನ್ನು ತೆರೆದರು, 1924ರಲ್ಲಿ ಮಂಗಳೂರಿನಲ್ಲಿ ಕರ್ನಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಮತ್ತೊಂದು ಬ್ಯಾಂಕು. ಒಂದು ಜಿಲ್ಲೆಯ ಜನರು ಆಣೆ ಆಣೆಯಾಗಿ ಕೂಡಿಸಿ ಇಷ್ಟು ಬ್ಯಾಂಕುಗಳನ್ನು ಕಟ್ಟಿದ ಉದಾಹರಣೆ ಬಹು ವಿರಳ. ವಿದ್ಯೆ: 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ ಕಾಲೇಜು ಹುಟ್ಟಿತು. ಕಲ್ಲು: ಬಾದಾಮಿ, ಇಲಕಲ್ಲು, ಶಹಾಬಾದಗಳ ಕಲ್ಲಿಗೆ ಎಣೆಯುಂಟೇ? ಕೈ: ಐಹೊಳೆ, ಪಟ್ಟದಕಲ್ಲು, ಗೋಳಗುಮ್ಮಟಗಳನ್ನು ಎತ್ತಿದ ಕಲ್ಲುಕುಟಿಗರ ಮಕ್ಕಳು ಊರೂರಿನಲ್ಲಿದ್ದರು.

ಎಲ್ಲವೂ ಇದ್ದವು, ಆದರೆ ಒಂದೊಂದು ಒಂದೊಂದು ಕೋಣೆಯಲ್ಲಿ ಬೀಗ ಹಾಕಿದಂತೆ ಇದ್ದವು. ಬ್ಯಾಂಕುಗಳು ಮದ್ರಾಸ ಇಲಾಖೆಯಲ್ಲಿ, ಇಂಜಿನಿಯರರು ಮೈಸೂರು ಸಂಸ್ಥಾನದಲ್ಲಿ, ಬಾದಾಮಿಯ ಕಲ್ಲು ಮುಂಬಯಿ ಇಲಾಖೆಯಲ್ಲಿ, ಶಹಾಬಾದದ ಕಲ್ಲು ನಿಜಾಮರ ರಾಜ್ಯದಲ್ಲಿ, ಕೊಡಗಿನ ಮರ ಚೀಫ್ ಕಮಿಶನರನ ಕೈಯಲ್ಲಿ. ಧಾರವಾಡದ ಗುತ್ತಿಗೆದಾರನು ಮಂಗಳೂರಿನ ಬ್ಯಾಂಕಿಗೆ ಹೋದರೆ ಅವನ ಆಸ್ತಿ ಬೇರೆ ಇಲಾಖೆಯಲ್ಲಿ. ಅವನ ದಾಖಲೆಗಳು ಮರಾಠಿಯ ಮೋಡಿಯಲ್ಲಿ. ಅವನ ಗುರುತು ಹೇಳುವವರಿಲ್ಲ. ಐದು ಆಡಳಿತಗಳಲ್ಲಿ ಹರಿದುಹೋದ ನಾಡಿಗೆ ಒಂದು ಪೇಟೆಯಿರಲಿಲ್ಲ, ಒಂದು ಪತ್ತಿರಲಿಲ್ಲ. ಏಕೀಕರಣವು ಬರಿಯ ಭಾವನೆಯ ಹುಚ್ಚೆಂದು ನಕ್ಕವರಿಗೆ ಈ ಲೆಕ್ಕವನ್ನು ತೋರಿಸಬೇಕು. 1956ರಲ್ಲಿ ಗೋಡೆಗಳು ಬಿದ್ದವು. ಆದರೆ ಗೋಡೆ ಬಿದ್ದ ಮಾತ್ರಕ್ಕೆ ಕೋಣೆಯವರು ಒಬ್ಬರೊಡನೊಬ್ಬರು ಮಾತಾಡುವರೆಂಬ ನಿಯಮವಿಲ್ಲ. ಅದು ನಾವು ಮಾಡಬೇಕಾದ ಕೆಲಸ.

ಮರಾಠಿ ನಾಡಿನವರನ್ನು ಕಂಡು ಮತ್ಸರಪಡಬೇಕಾದ್ದಿಲ್ಲ, ಅವರಿಂದ ಕಲಿಯಬೇಕು. ವಾಲಚಂದರು 1927ರಲ್ಲಿ ಮಹಾರಾಷ್ಟ್ರ ವಾಣಿಜ್ಯ ಮಂಡಲವನ್ನು ಸ್ಥಾಪಿಸಿ, ಚದರಿದ್ದ ವರ್ತಕರನ್ನು ಒಂದು ಚಪ್ಪರದ ಕೆಳಗೆ ತಂದರು. ಮಹಾರಾಷ್ಟ್ರವೆಂಬ ರಾಜ್ಯವು ಹುಟ್ಟಿದ್ದು 1960ರಲ್ಲಿ. ಮಹಾರಾಷ್ಟ್ರವೆಂಬ ಪೇಟೆಯನ್ನು ಅವರು ಅದಕ್ಕೆ 33 ವರುಷ ಮೊದಲೇ ಕಲ್ಪಿಸಿಕೊಂಡಿದ್ದರು.

ಚಪ್ಪರವೂ ಕಟ್ಟಡವೂ

ನಮ್ಮಲ್ಲಿಯೂ ಕಟ್ಟುವ ಹುರುಪಿಗೆ ಕೊರತೆಯಿರಲಿಲ್ಲ. 1924ರ ಡಿಸೆಂಬರದಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನೆರೆದಾಗ ಗಂಗಾಧರರಾವ ದೇಶಪಾಂಡೆಯವರ ನಾಯಕತ್ವದಲ್ಲಿ ವಿಜಯನಗರವೆಂಬ ಹೆಸರಿನ ಊರೇ ಎದ್ದು ನಿಂತಿತು. ಸಾವಿರಾರು ಜನರಿಗೆ ವಸತಿ, ಊಟ, ದೀಪ, ನೀರು. ನೀರಿಗಾಗಿ ತೋಡಿದ ಪಂಪಾ ಸರೋವರವೆಂಬ ಬಾವಿ. ಸ್ವಯಂಸೇವಕರು ಹಗಲಿರುಳೆನ್ನದೆ ದುಡಿದರು. ಕರ್ನಾಟಕದ ವ್ಯವಸ್ಥೆಯನ್ನು ದೇಶವೆಲ್ಲ ಹೊಗಳಿತು. ಅಧಿವೇಶನ ಮುಗಿಯಿತು, ಗೂಟಗಳನ್ನು ಕಿತ್ತರು, ಚಪ್ಪರ ಇಳಿಯಿತು, ಜನರು ತಮ್ಮ ತಮ್ಮ ಊರಿಗೆ ಹೋದರು. ಬಾವಿ ಉಳಿಯಿತು.

ಆ ಕೆಲಸ ಮಾಡಿದವರಲ್ಲಿ ಎಂಥೆಂಥ ಜನರಿದ್ದರು! ಸಾಮಾನು ತರುವವರು, ಲೆಕ್ಕ ಇಡುವವರು, ಬಡಿಗರು, ಗೌಂಡಿಗಳು, ಕೂಲಿಯನ್ನು ಪ್ರೀತಿಯಿಂದ ಮಾತಾಡಿಸಿ ಕೆಲಸ ಮಾಡಿಸುವವರು. ಆ ತಂಡವು ಒಡೆಯದೆ ಒಂದು ಸಂಸ್ಥೆಯಾಗಿ ನಿಂತಿದ್ದರೆ? ಮರುವರುಷ ಒಂದು ಶಾಲೆಯನ್ನೂ ಅದರ ಮರುವರುಷ ಒಂದು ಸೇತುವೆಯನ್ನೂ ಕಟ್ಟಿದ್ದರೆ? ನಾವು ಉತ್ಸವಕ್ಕೆ ಕೂಡುತ್ತೇವೆ, ಉದ್ಯಮಕ್ಕೆ ಕೂಡುವದಿಲ್ಲ. ಸ್ವಯಂಸೇವಕನ ತ್ಯಾಗವು ದೊಡ್ಡದು. ಆದರೆ ತ್ಯಾಗಕ್ಕೆ ಜಮಾಖರ್ಚಿನ ಪುಸ್ತಕವೂ ಬಂಡವಲೂ ಮರುವರುಷದ ಕೆಲಸವೂ ಕೂಡದಿದ್ದರೆ ಅದು ಚಪ್ಪರದಂತೆ ಇಳಿದುಹೋಗುವದು.

ಮಾಡತಕ್ಕದ್ದು

ಆದುದರಿಂದ ನಾವು ಮೂರು ಮಾತುಗಳನ್ನು ತಮ್ಮ ಮುಂದೆ ಇಡುತ್ತೇವೆ. ಉಪಾಧ್ಯಾಯರಲ್ಲಿ ನಮ್ಮ ವಿನಂತಿ: ಜಾಣ ಹುಡುಗನನ್ನು ಕಂಡಕೂಡಲೆ ಅವನಿಗೆ ಕಚೇರಿಯ ಕುರ್ಚಿಯನ್ನೇ ತೋರಿಸಬೇಡಿರಿ. ಅಳತೆ, ಅಂದಾಜುಪತ್ರ, ಜಮಾಖರ್ಚು ಇವುಗಳನ್ನು ಕನ್ನಡದಲ್ಲಿ ಕಲಿಸಿರಿ. ಗೌಂಡಿಯ ಮಗನೂ ಶಾಸ್ತ್ರಿಯ ಮಗನೂ ಒಂದೇ ಬಾಕಿನ ಮೇಲೆ ಕುಳಿತು ನಕ್ಷೆ ತೆಗೆಯುವದನ್ನು ಕಲಿತ ದಿನ ನಮ್ಮ ಅರ್ಧ ಕೆಲಸವಾದಂತೆ.

ವರ್ತಕರಲ್ಲಿ ವಿನಂತಿ: ಬಡ್ಡಿಗೆ ಕೊಡುವ ಹಣದ ಒಂದು ಪಾಲನ್ನಾದರೂ ಪಾಲುಬಂಡವಲಾಗಿ ಹಾಕುವದನ್ನು ರೂಢಿಸಿಕೊಳ್ಳಿರಿ. ಸಾಲಗಾರನು ಮುಳುಗಿದರೂ ತನ್ನ ಬಡ್ಡಿ ಬಂದರೆ ಸಾಕೆನ್ನುವದು ಸಾಹುಕಾರಿ. ಕೆಲಸವು ಗೆದ್ದರೆ ಮಾತ್ರ ನಾವೂ ಗೆಲ್ಲುವೆವೆನ್ನುವದು ಪಾಲುಗಾರಿಕೆ. ಫಾಟಕರಂಥವರು ಪ್ರತಿಯೊಂದು ಕಚೇರಿಯಲ್ಲಿ ಇದ್ದಾರೆ. ಅವರನ್ನು ಹುಡುಕುವ ವಾಲಚಂದರು ಬೇಕು.

ನಮ್ಮ ವೃತ್ತಿಬಾಂಧವರಲ್ಲಿ ವಿನಂತಿ: ಕೆಲಸ ಕೆಟ್ಟ ಮೇಲೆ ಕೋರ್ಟಿಗೆ ಬಂದವನ ಕಾಗದಪತ್ರ ನೋಡುವದಕ್ಕಿಂತ, ಕರಾರಿಗೆ ಸಹಿ ಮಾಡುವ ಮೊದಲು ಅವನಿಗೆ ಅದನ್ನು ಕನ್ನಡದಲ್ಲಿ ಓದಿ ತಿಳಿಸಿರಿ. ಇಲಾಖೆಯ ಇಂಜಿನಿಯರನ ನಿರ್ಣಯವೇ ಕೊನೆಯದೆಂಬ ಕಲಮಿನ ಅರ್ಥವೇನು, ತಡವಾದರೆ ಬೀಳುವ ದಂಡಕ್ಕೆ ಕರಾರು ಕಾಯದೆಯ 74ನೆಯ ಕಲಮಿನ ಮಿತಿಯೇನು ಎಂಬುದು ಗೊತ್ತಿಲ್ಲದೆ ಸಹಿ ಹಾಕಿ ಮನೆ ಮಾರಿಕೊಂಡವರನ್ನು ನಾವೆಲ್ಲರೂ ಕಂಡಿದ್ದೇವೆ. ಅಂಥ ಒಬ್ಬನನ್ನು ಮೊದಲೇ ಎಚ್ಚರಿಸಿದರೆ ನಮಗೆ ಫೀ ಕಡಿಮೆಯಾಗಬಹುದು. ನಾಡಿಗೆ ಒಬ್ಬ ಗುತ್ತಿಗೆದಾರನು ಉಳಿಯುವನು.

ವಾಲಚಂದರು 1953ರ ಏಪ್ರಿಲ 8ರಂದು ತೀರಿಕೊಂಡರು. ಅವರು ಕಟ್ಟಿದ ಕಂಪನಿಯು ಅವರ ನಂತರವೂ ಅಣೆಕಟ್ಟು, ಸೇತುವೆ, ಸುರಂಗಗಳನ್ನು ಕಟ್ಟುತ್ತ ನಡೆಯಿತು. ಮನುಷ್ಯನು ಹೋದ ಮೇಲೆಯೂ ಕೆಲಸ ನಿಲ್ಲದಂತೆ ಮಾಡುವದೇ ಸಂಸ್ಥೆ ಕಟ್ಟುವದರ ಅರ್ಥ. ನಾಡಿನ ನಕ್ಷೆಯನ್ನು ಬರೆದದ್ದಾಯಿತು. ಆ ನಕ್ಷೆಯ ಮೇಲೆ ಕಲ್ಲಿಡುವ ಕೈಗಳ ಜೊತೆಗೆ ಲೆಕ್ಕವಿಡುವ ಕೈಗಳೂ ಕನ್ನಡದವೇ ಆಗಲಿ. ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ್ದು ಒಬ್ಬರಿಗಾಗಿ ಅಲ್ಲ, ಒಂದು ದಿನಕ್ಕಾಗಿಯೂ ಅಲ್ಲ. ಆ ಬುದ್ಧಿಯು ನಮಗೂ ಬರಲಿ.